ಸವಕಲು ನಾಣ್ಯದ ಮರ್ಯಾದೆ

ಸಾಹಿತ್ಯ ವಿಮರ್ಶೆಯಲ್ಲಿ ಒಂದು ಮಾತುಂಟು. ಎಲ್ಲರ ಬಾಯಲ್ಲೂ ಓಡಾಡಿ ಕಾಂತಿ ಕುಂದಿದ ಪದವನ್ನೋ ಉಪಮೆಯನ್ನೋ ನಾವು ‘ಸವಕಲು ನಾಣ್ಯ’ ಎಂದು ಕರೆಯುತ್ತೇವೆ. ವಿದ್ಯಾರ್ಥಿಗಳ ಉತ್ತರಪತ್ರಿಕೆಗಳ ಅಂಚಿನಲ್ಲಿ ನಾನೂ ಈ ಮಾತನ್ನು ಕೆಂಪು ಶಾಯಿಯಲ್ಲಿ ಎಷ್ಟೋ ಸಲ ಬರೆದಿದ್ದೇನೆ. ಆದರೆ ನಾಣ್ಯ ಸವೆಯುವುದು ಏಕೆ, ಸವೆದದ್ದು ನಿಜವಾಗಿ ನಿಂದೆಗೆ ಅರ್ಹವೆ ಎಂದು ಆಗ ಯೋಚಿಸಿದವನಲ್ಲ. ನಿವೃತ್ತಿಯ ಬಿಡುವಿನಲ್ಲಿ ಅಮೆರಿಕದ ಸಣ್ಣ ನಾಣ್ಯಗಳ ಚರಿತ್ರೆಯನ್ನು ಓದುತ್ತ ಹೋದಂತೆ ಈ ಪ್ರಶ್ನೆ ನನ್ನನ್ನು ಹಿಡಿದು ನಿಲ್ಲಿಸಿತು.

1792ರ ಏಪ್ರಿಲ್ 2ರಂದು ಅಮೆರಿಕದ ಸಂಯುಕ್ತ ಸಂಸ್ಥಾನಗಳ ನಾಣ್ಯ ಶಾಸನ ಜಾರಿಗೆ ಬಂದು, ಫಿಲಡೆಲ್ಫಿಯಾದಲ್ಲಿ ಟಂಕಸಾಲೆ ಸ್ಥಾಪಿತವಾಯಿತು. ಡಾಲರಿನ ನೂರರಲ್ಲೊಂದು ಪಾಲು ಸೆಂಟು. ಅದರ ಕೆಳಗೆ ಅರ್ಧ ಸೆಂಟು. ಈ ಅರ್ಧ ಏಕೆ ಬೇಕಾಯಿತೆಂದರೆ, ಆಗ ಜನರ ಕೈಯಲ್ಲಿ ಹೆಚ್ಚಾಗಿ ಓಡಾಡುತ್ತಿದ್ದದ್ದು ಸ್ಪೇನಿನ ಬೆಳ್ಳಿ. ಅದರ ಒಂದು ರಿಯಾಲಿನ ಬೆಲೆ ಹನ್ನೆರಡೂವರೆ ಸೆಂಟು. ಆ ಅರೆ ಕಾಸನ್ನು ಬಿಟ್ಟುಕೊಡಲು ಬಡವನಿಗೆ ಮನಸ್ಸೂ ಇರಲಿಲ್ಲ, ಶಕ್ತಿಯೂ ಇರಲಿಲ್ಲ. ನಾಣ್ಯದ ಮೇಲೆ ಅಧ್ಯಕ್ಷರ ಮುಖವಿರಲಿ ಎಂಬ ಸಲಹೆಯೂ ಆಗ ಬಂದಿತ್ತು. ಅದು ರಾಜಪ್ರಭುತ್ವದ ವಾಸನೆ ಎಂದು ಪ್ರತಿನಿಧಿಗಳ ಸಭೆ ಒಪ್ಪಲಿಲ್ಲ. ಸ್ವಾತಂತ್ರ್ಯದೇವಿಯ ಚಿತ್ರವೇ ಇರಬೇಕೆಂದಿತು.

1793ರಲ್ಲಿ ಮೊದಲ ತಾಮ್ರದ ಸೆಂಟು ಹೊರಬಂತು. ಒಂದು ಬದಿಗೆ ಕೆದರಿದ ಕೂದಲಿನ ಸ್ವಾತಂತ್ರ್ಯದೇವಿ, ಇನ್ನೊಂದು ಬದಿಗೆ ಹದಿನೈದು ಕೊಂಡಿಗಳ ಸರಪಳಿ. ಹದಿನೈದು ರಾಜ್ಯಗಳ ಒಗ್ಗಟ್ಟನ್ನು ಅದು ಸೂಚಿಸಬೇಕಾಗಿತ್ತು. ಆದರೆ ಸ್ವಾತಂತ್ರ್ಯದ ಬೆನ್ನಿಗೆ ಸರಪಳಿಯೆ, ಇದು ಅಪಶಕುನವಲ್ಲವೆ ಎಂದು ಪತ್ರಿಕೆಗಳಲ್ಲಿ ಟೀಕೆ ಎದ್ದಿತು. 36,103 ನಾಣ್ಯಗಳಾಗುವಷ್ಟರಲ್ಲಿ ಸರಪಳಿ ಹೋಗಿ ಎಲೆಗಳ ಮಾಲೆ ಬಂತು. ನಾಣ್ಯದ ಮೇಲಿನ ಸರಪಳಿಯನ್ನು ಕಳಚುವುದು ಸುಲಭವಾಗಿತ್ತು. ಅದೇ ನೆಲದಲ್ಲಿ ಗುಲಾಮರ ಕೈಕಾಲಿಗಿದ್ದ ನಿಜವಾದ ಸರಪಳಿ ಕಳಚಲು ಎಪ್ಪತ್ತು ವರ್ಷಗಳೂ ಒಂದು ಅಂತರ್ಯುದ್ಧವೂ ಬೇಕಾದವು. ಅಂಗೈಯಗಲವಿಲ್ಲದ ತಾಮ್ರದ ಬಿಲ್ಲೆ ಇಷ್ಟನ್ನು ನೆನಪಿಸುತ್ತದೆ.

ಅಲ್ಲಿಂದ ಮುಂದೆ ಸೆಂಟು ವರ್ಷ ತಪ್ಪದೆ ಬಂತು, 1815 ಒಂದನ್ನು ಬಿಟ್ಟು. ಟಂಕಸಾಲೆಗೆ ತಾಮ್ರದ ಬಿಲ್ಲೆಗಳು ಬರುತ್ತಿದ್ದದ್ದು ಇಂಗ್ಲೆಂಡಿನಿಂದ. ಆ ಇಂಗ್ಲೆಂಡಿನೊಡನೆಯೇ 1812ರಲ್ಲಿ ಯುದ್ಧ ಹೂಡಿದ ಮೇಲೆ ಬಿಲ್ಲೆ ಎಲ್ಲಿಂದ ಬರಬೇಕು? ರಾಜ್ಯಗಳ ಜಗಳ ಸೆಂಟುಗಳ ಸಾಲಿನಲ್ಲಿ ಒಂದು ಖಾಲಿ ಮನೆಯಾಗಿ ಉಳಿಯಿತು.

ಈ ಖಾಲಿ ಮನೆಗಳನ್ನು ಕಂಡು ಕಳವಳಪಡುವವನೇ ಸಂಗ್ರಾಹಕ. ಫಿಲಡೆಲ್ಫಿಯಾದಲ್ಲಿ ಜೋಸೆಫ್ ಮಿಕ್ಲಿ ಎಂಬ ಪಿಯಾನೊ ಕೆಲಸಗಾರನಿದ್ದ. ಅವನು ಹುಟ್ಟಿದ್ದು 1799ರಲ್ಲಿ. ತನ್ನ ಹುಟ್ಟಿದ ವರ್ಷದ ಒಂದು ಸೆಂಟು ಬೇಕೆಂದು ಹುಡುಕಹೊರಟ. ಅದು ಸಿಗುವುದು ಅತಿ ಕಷ್ಟವೆಂದು ತಿಳಿಯಿತು. ಹುಡುಕುತ್ತ ಹುಡುಕುತ್ತ ಆ ದೇಶದ ಮೊದಲ ದೊಡ್ಡ ನಾಣ್ಯಸಂಗ್ರಾಹಕರಲ್ಲಿ ಒಬ್ಬನಾದ. ಅವನಿಗೆ ಬೇಕಾಗಿದ್ದದ್ದು ಐಶ್ವರ್ಯವಲ್ಲ, ತಾನು ಹುಟ್ಟಿದ್ದಕ್ಕೆ ಒಂದು ಕಾಸಿನ ಸಾಕ್ಷಿ. 1799ರ ಸೆಂಟು ಇಂದಿಗೂ ದುರ್ಲಭವೇ.

ಆದರೆ ಸಂಗ್ರಹವು ಜನರ ಗೀಳಾದದ್ದು 1857ರಲ್ಲಿ. ದೊಡ್ಡ ತಾಮ್ರದ ಸೆಂಟನ್ನು ತಯಾರಿಸುವುದು ಟಂಕಸಾಲೆಗೆ ಭಾರವಾಗಿತ್ತು. ಆ ವರ್ಷದ ಫೆಬ್ರವರಿ ಶಾಸನದಿಂದ ದೊಡ್ಡ ಸೆಂಟೂ ಅರ್ಧ ಸೆಂಟೂ ನಿಂತವು. ಸ್ಪೇನಿನ ಬೆಳ್ಳಿಗೆ ಇದ್ದ ಮಾನ್ಯತೆಯೂ ಹೋಯಿತು. ಹಾರುವ ಹದ್ದಿನ ಚಿತ್ರವಿದ್ದ ಪುಟ್ಟ ಹೊಸ ಸೆಂಟಿಗಾಗಿ ಮೇ ತಿಂಗಳಲ್ಲಿ ಜನ ಟಂಕಸಾಲೆಯ ಅಂಗಳದಲ್ಲಿ ಸಾಲುಗಟ್ಟಿ ನಿಂತರು. ಹೊಸದನ್ನು ಬೇಡಿ ನಿಂತ ಕಾಲದಲ್ಲಿಯೇ ಹಳೆಯದರ ಮೇಲೆ ಮಮತೆ ಹುಟ್ಟಿತು. ಅಜ್ಜನ ಕಾಲದ ತಾಮ್ರ ಕಣ್ಮರೆಯಾಗುತ್ತಿದೆ ಎಂದು ಜನ ವರ್ಷವರ್ಷದ ಸೆಂಟುಗಳನ್ನು ಆಯ್ದು ಇಡತೊಡಗಿದರು. 1858ರಲ್ಲಿ ನ್ಯೂಯಾರ್ಕಿನಲ್ಲಿ ಅಮೆರಿಕನ್ ನಾಣ್ಯಶಾಸ್ತ್ರ ಸಂಘ ಸ್ಥಾಪನೆಯಾಯಿತು. ಕೈಬಿಟ್ಟು ಹೋಗುವ ಗಳಿಗೆಯಲ್ಲಿ ವಸ್ತು ಕಣ್ಣಿಗೆ ಬೀಳುತ್ತದೆ. ಇದು ನಾಣ್ಯಕ್ಕೆ ಮಾತ್ರ ಹೇಳಿದ ಮಾತಲ್ಲ.

1909ರಲ್ಲಿ ಲಿಂಕನ್ನರ ಜನ್ಮಶತಾಬ್ದಿ. ನಿತ್ಯದ ಚಲಾವಣೆಯ ನಾಣ್ಯದ ಮೇಲೆ ನಿಜವಾಗಿ ಬದುಕಿದ್ದ ಅಮೆರಿಕನ್ ಒಬ್ಬನ ಮುಖ ಬಂದದ್ದು ಅದೇ ಮೊದಲು. ಬಂದದ್ದು ಚಿನ್ನದ ಮೇಲಲ್ಲ, ಸೆಂಟಿನ ಮೇಲೆ. ಮರದ ಗುಡಿಸಲಿನಲ್ಲಿ ಹುಟ್ಟಿ ಗುಲಾಮರ ಬಿಡುಗಡೆಯ ಘೋಷಣೆ ಹೊರಡಿಸಿದವನಿಗೆ ಅದೇ ತಕ್ಕ ಪೀಠ. ಚಿತ್ರವನ್ನು ಕಂಡರಿಸಿದವನು ಲಿಥುವೇನಿಯಾದಿಂದ ವಲಸೆ ಬಂದ ಯಹೂದಿ ಶಿಲ್ಪಿ ವಿಕ್ಟರ್ ಡೇವಿಡ್ ಬ್ರೆನ್ನರ್. ಹಿಂಬದಿಯಲ್ಲಿ ಅವನ ಹೆಸರಿನ ಮೂರು ಮೊದಲಕ್ಷರಗಳಿದ್ದವು. ಅವು ಎದ್ದು ಕಾಣುತ್ತವೆ ಎಂಬ ಆಕ್ಷೇಪ ಬಂದೊಡನೆ ಕೆಲವೇ ದಿನಗಳಲ್ಲಿ ಅಳಿಸಿಹಾಕಿದರು. ಸ್ಯಾನ್‌ಫ್ರಾನ್ಸಿಸ್ಕೊ ಟಂಕಸಾಲೆಯಲ್ಲಿ ಆ ಅಕ್ಷರಗಳೊಡನೆ ಆದದ್ದು 4,84,000 ಮಾತ್ರ. ಇಂದು ಸಂಗ್ರಾಹಕರ ಕನಸೆಲ್ಲ ಅದರ ಮೇಲೆ. 1918ರಲ್ಲಿ ಆ ಅಕ್ಷರಗಳು ಲಿಂಕನ್ನರ ಭುಜದ ಅಂಚಿಗೆ ಸಣ್ಣದಾಗಿ ಮರಳಿದವು.

1930ರ ದಶಕದ ಆರ್ಥಿಕ ಕುಸಿತದ ದಿನಗಳಲ್ಲಿ ವಿಸ್ಕಾನ್ಸಿನ್ನಿನ ವಿಟ್ಮನ್ ಸಂಸ್ಥೆ ರಟ್ಟಿನ ಹಲಗೆಗಳನ್ನು ಮಾರತೊಡಗಿತು. ಒಂದೊಂದು ವರ್ಷದ ಸೆಂಟಿಗೂ ಒಂದೊಂದು ಗುಂಡಿ. ಕೆಲಸ ಕಳೆದುಕೊಂಡ ತಂದೆಯೂ ಶಾಲೆಯ ಹುಡುಗನೂ ಅಂಗಡಿಯಿಂದ ಬಂದ ಚಿಲ್ಲರೆಯನ್ನು ಮೇಜಿನ ಮೇಲೆ ಸುರಿದು ಇಸವಿ ನೋಡತೊಡಗಿದರು. ಬೇಕಾದದ್ದು ಸಿಕ್ಕರೆ ಗುಂಡಿ ತುಂಬಿತು. ಸಿಗದಿದ್ದರೆ ನಷ್ಟವಿಲ್ಲ, ಮರುದಿನ ಅದೇ ಕಾಸಿಗೆ ರೊಟ್ಟಿ. ದೊರೆಗಳ ಹವ್ಯಾಸ ಕಾಸಿನವನ ಮನೆಗೆ ಹೀಗೆ ಬಂತು.

ಇಲ್ಲಿಯೇ ನನಗೆ ತೊಡಕು ಕಂಡದ್ದು. 1949ರಲ್ಲಿ ವಿಲಿಯಂ ಶೆಲ್ಡನ್ ಎಂಬ ವಿದ್ವಾಂಸ ಹಳೆಯ ಸೆಂಟುಗಳನ್ನು ಕುರಿತ ಗ್ರಂಥದಲ್ಲಿ ಒಂದರಿಂದ ಎಪ್ಪತ್ತರವರೆಗಿನ ಅಳತೆಗೋಲನ್ನು ಮಾಡಿಕೊಟ್ಟ. ಇದು ಯಾವುದೆಂದು ಹೇಗೋ ಗುರುತಿಸಬಹುದಾದಷ್ಟು ಸವೆದದ್ದಕ್ಕೆ ಒಂದು ಅಂಕ. ಸವೆತದ ಸುಳಿವೇ ಇಲ್ಲದ ಪರಿಪೂರ್ಣ ನಾಣ್ಯಕ್ಕೆ ಎಪ್ಪತ್ತು. ಇಂದಿಗೂ ಪೇಟೆಯಲ್ಲಿ ನಡೆಯುವುದು ಇದೇ ಲೆಕ್ಕ. ಅಳತೆ ತಪ್ಪೆಂದು ನಾನು ಹೇಳಲಾರೆ. ಅಚ್ಚಿನ ಸೊಗಸನ್ನು ಅರಿಯಲು ಸವೆಯದ ನಾಣ್ಯವೇ ಬೇಕು. ಆದರೆ ಇದರ ಅರ್ಥವೇನು? ತನ್ನ ಕೆಲಸವನ್ನು ಮಾಡದೆ ಪೆಟ್ಟಿಗೆಯಲ್ಲಿ ಮಲಗಿದ್ದ ನಾಣ್ಯಕ್ಕೆ ಹೆಚ್ಚು ಬೆಲೆ. ಸಂತೆಯಲ್ಲಿ, ಅಂಚೆಕಟ್ಟೆಯಲ್ಲಿ, ಕೂಲಿಯವನ ಬೆವರಿನ ಅಂಗೈಯಲ್ಲಿ ಐವತ್ತು ವರ್ಷ ದುಡಿದು ಮುಖ ಅಳಿಸಿಕೊಂಡದ್ದಕ್ಕೆ ಒಂದೇ ಅಂಕ.

ಸೆಂಟಿನ ಕಥೆ ಈಗ ಮುಗಿದಿದೆ. 1982ರಲ್ಲೇ ಅದರ ತಾಮ್ರ ಹೋಗಿ, ತೆಳುವಾದ ತಾಮ್ರದ ಲೇಪವಿರುವ ಸತು ಬಂದಿತ್ತು. 2024ರ ಲೆಕ್ಕದಲ್ಲಿ ಒಂದು ಸೆಂಟನ್ನು ತಯಾರಿಸಲು ತಗಲಿದ್ದು 3.69 ಸೆಂಟು. 2025ರ ನವೆಂಬರ್ 12ರಂದು ಫಿಲಡೆಲ್ಫಿಯಾದಲ್ಲಿ ಚಲಾವಣೆಯ ಸೆಂಟಿನ ಟಂಕಣ ನಿಂತಿತು. 232 ವರ್ಷಗಳ ಸಾಲು ಕೊನೆಗೊಂಡಿತು. ಸುಮಾರು 30,000 ಕೋಟಿ ಸೆಂಟುಗಳು ಇನ್ನೂ ಜನರಲ್ಲಿವೆಯೆಂದು ಅಂದಾಜು. ಅವು ಈಗಲೂ ಕಾನೂನುಬದ್ಧ ಹಣವೇ. ಆದರೆ ಕಟ್ಟಕಡೆಗೆ ಅಚ್ಚಾದವು ಯಾವ ಅಂಗಡಿಗೂ ಹೋಗಲಿಲ್ಲ, ಹರಾಜಿಗೆ ಹೋದವು. ಅವುಗಳಿಂದ ಯಾರೂ ಒಂದು ಬೆಂಕಿಕಡ್ಡಿಯನ್ನೂ ಕೊಂಡಿಲ್ಲ.

ಮೊದಲ ಸೆಂಟುಗಳನ್ನು ಜನ ಬಳಸಿದರು, ಆಮೇಲೆ ಕೂಡಿಟ್ಟರು. ಕೊನೆಯವನ್ನು ಕೂಡಿಡುವುದಕ್ಕೆಂದೇ ಮಾಡಿದರು. ಈ ಎರಡರ ನಡುವೆ ಇರುವುದೇ ಚರಿತ್ರೆ. ಅದನ್ನು ಬರೆದುಕೊಂಡದ್ದು ಸವೆದ ನಾಣ್ಯ. ಹೆಬ್ಬೆರಳುಗಳು ಸವರಿ ಸವರಿ ದೇವಿಯ ಮೂಗು ಅಳಿದಿದೆಯೆಂದರೆ, ಅಷ್ಟು ಸಲ ಯಾರೋ ಯಾರಿಗೋ ಏನನ್ನೋ ಕೊಟ್ಟರೆಂದೇ ಅರ್ಥ.

ಮಾತೂ ಹಾಗೆಯೇ ಅಲ್ಲವೆ? ‘ಅನ್ನ’, ‘ನೀರು’, ‘ಅವ್ವ’ ಇವಕ್ಕಿಂತ ಸವೆದ ಪದಗಳು ಯಾವುವು? ಉತ್ತರಪತ್ರಿಕೆಗಳ ಅಂಚಿನಲ್ಲಿ ನಾನು ಬರೆದದ್ದನ್ನು ಈಗ ಅಳಿಸಲಾಗದು. ಅಂದು ಆ ಕೆಂಪು ಅಕ್ಷರಗಳನ್ನು ಓದಿ ನೊಂದವರು ಈ ಮಾತನ್ನು ಕೇಳುತ್ತಿದ್ದರೆ, ಅದನ್ನು ಇಂದಿನಿಂದ ಹೊಗಳಿಕೆಯೆಂದೇ ತಿಳಿಯಲಿ.