ನಿಂತ ಕಾರಿನ ಕೆಳಗಿನ ಕೆಂಪು ಹನಿ



ಇತಿಹಾಸ ಎಂದೊಡನೆ ನಮ್ಮ ವಿದ್ಯಾರ್ಥಿಗಳ ಮನಸ್ಸಿಗೆ ಬರುವುದು ರಾಜರ ಹೆಸರು, ಯುದ್ಧಗಳ ಇಸವಿ. ಆದರೆ ಇತಿಹಾಸ ನೆಲದ ಮೇಲೆ ಬಿದ್ದ ಒಂದು ಎಣ್ಣೆಯ ಹನಿಯಲ್ಲಿಯೂ ಇರುತ್ತದೆ. ಎಲ್ಲಾದರೂ ಹಳೆಯ ಅಮೆರಿಕನ್ ಕಾರೊಂದು ನಿಂತಿದ್ದರೆ ಅದರ ಕೆಳಗೆ ಒಮ್ಮೆ ಬಗ್ಗಿ ನೋಡಿ. ಕೆಂಪು ಬಣ್ಣದ ಹನಿ ಕಂಡರೆ ಅದು ಎಂಜಿನ್ನಿನದಲ್ಲ, ಹೆಚ್ಚಾಗಿ ಆಟೋಮ್ಯಾಟಿಕ್ ಗೇರ್‌ಬಾಕ್ಸಿನದು ಎಂದು ತಿಳಿಯಿರಿ. ಸೋರಿಕೆ ಎಲ್ಲಿಂದ ಎಂದು ಬೇಗ ಗುರುತು ಸಿಗಲೆಂದೇ ಆ ಎಣ್ಣೆಗೆ ಕೆಂಪು ಬಣ್ಣ ಬೆರೆಸುತ್ತಾರೆ.

ನಮ್ಮ ದೇಶದಲ್ಲಿ 2021ರ ಮೋಟಾರು ವಾಹನ ನಿಯಮಗಳ ತಿದ್ದುಪಡಿಯಂತೆ, ನೋಂದಣಿಯಾಗಿ 50 ವರ್ಷ ಮೀರಿದ, ಮೂಲ ರೂಪ ಕೆಡದ ವಾಹನವನ್ನು ವಿಂಟೇಜ್ ಎನ್ನುತ್ತಾರೆ. ಇಂಥ ಕಾರಿನ ಸೋರಿಕೆ ನಿಲ್ಲಿಸಬೇಕಾದರೆ ಮೊದಲು ಅದರ ಕಾಲವನ್ನು ಅರಿಯಬೇಕು.

ಎಣ್ಣೆಯೇ ಕೆಲಸಗಾರ

ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿಯಲ್ಲಿ ಅರ್ಲ್ ಥಾಂಪ್ಸನ್ ಎಂಬ ಎಂಜಿನಿಯರರ ತಂಡ 'ಹೈಡ್ರಾಮ್ಯಾಟಿಕ್' ಎಂಬ ಗೇರ್‌ಬಾಕ್ಸನ್ನು ರೂಪಿಸಿತು. 1939ರಲ್ಲಿ, 1940ರ ಮಾದರಿಯ ಓಲ್ಡ್ಸ್‌ಮೊಬೈಲ್ ಕಾರುಗಳಲ್ಲಿ ಅದು ಜನರ ಕೈಸೇರಿತು. ಚಾಲಕ ಕ್ಲಚ್ ತುಳಿಯುವ ಕಷ್ಟ ತಪ್ಪಿತು. ಎರಡನೇ ಮಹಾಯುದ್ಧದಲ್ಲಿ ಇದೇ ಗೇರ್‌ಬಾಕ್ಸ್ ಅಮೆರಿಕದ ಹಗುರ ಟ್ಯಾಂಕುಗಳಿಗೂ ಹೋಯಿತು. 1952ರಿಂದ ರೋಲ್ಸ್ ರಾಯ್ಸ್ ಕೂಡ ತನ್ನ ಕಾರುಗಳಿಗೆ ಅದನ್ನು ಅಳವಡಿಸತೊಡಗಿತು.

ಇದು ಹೇಗೆ ಕೆಲಸ ಮಾಡುತ್ತದೆ? ಎರಡು ಟೇಬಲ್ ಫ್ಯಾನುಗಳನ್ನು ಎದುರುಬದುರು ಇಟ್ಟು ಒಂದನ್ನು ಮಾತ್ರ ಚಾಲೂ ಮಾಡಿ. ಅದರ ಗಾಳಿಗೆ ಇನ್ನೊಂದೂ ತಿರುಗುತ್ತದೆ. ಇಲ್ಲಿ ಗಾಳಿಯ ಬದಲು ಎಣ್ಣೆ ಇದೆ, ಅಷ್ಟೇ. ಆ ಎಣ್ಣೆಯೇ ಎಂಜಿನ್ನಿನ ಶಕ್ತಿಯನ್ನು ಮುಂದೆ ದಾಟಿಸುತ್ತದೆ, ಒತ್ತಡದಿಂದ ಗೇರನ್ನೂ ಬದಲಿಸುತ್ತದೆ. ಆದ್ದರಿಂದ ಇಲ್ಲಿ ಎಣ್ಣೆ ಕಡಿಮೆಯಾದರೆ ಕಾರು ಮುಂದೆ ಹೋಗಲು ಒಲ್ಲೆ ಎನ್ನುತ್ತದೆ, ಒಳಗಿನ ಕ್ಲಚ್ ಪ್ಲೇಟುಗಳು ಜಾರಿ ಸುಟ್ಟುಹೋಗುತ್ತವೆ.

ಚರ್ಮದಿಂದ ರಬ್ಬರಿಗೆ

ತಿರುಗುವ ಶಾಫ್ಟಿನ ಸುತ್ತ ಎಣ್ಣೆ ಹೊರಬರದಂತೆ ತಡೆಯುವುದು ಸುಲಭದ ಮಾತಲ್ಲ. ಮೊದಮೊದಲು ಹಗ್ಗ, ಉಣ್ಣೆಯ ಫೆಲ್ಟ್, ಚರ್ಮಗಳನ್ನು ಬಳಸುತ್ತಿದ್ದರು. ಜರ್ಮನಿಯ ವೈನ್‌ಹೈಮ್‌ನಲ್ಲಿ 1849ರಲ್ಲಿ ಚರ್ಮ ಹದಮಾಡುವ ಕಾರ್ಖಾನೆಯಾಗಿ ಆರಂಭವಾದ ಫ್ರಾಯ್ಡೆನ್‌ಬರ್ಗ್ ಕಂಪನಿಯೇ ಮುಂದೆ ಆಯಿಲ್ ಸೀಲುಗಳಿಗೆ ಹೆಸರಾಯಿತು. 1930ರ ದಶಕದಲ್ಲಿ ಚರ್ಮದ ಜಾಗಕ್ಕೆ ಕೃತಕ ರಬ್ಬರ್ ಬಂತು. ಪಾತ್ರೆಯಂಥ ತಳಭಾಗಕ್ಕೆ, ಅಂದರೆ ಪ್ಯಾನಿಗೆ, ಬಹುಕಾಲ ಬೂಚಿನ ಪ್ಯಾಕಿಂಗನ್ನೇ ಹಾಕುತ್ತಿದ್ದರು.

ಚರ್ಮ, ಬೂಚು, ರಬ್ಬರ್ ಮೂರಕ್ಕೂ ಒಂದೇ ಗುಣ: ಎಣ್ಣೆಯಲ್ಲಿ ನೆನೆದಿದ್ದರೆ ಬಾಳಿಕೆ, ಒಣಗಿದರೆ ಬಿರುಕು. ಜೊತೆಗೆ, ಕಾರು ತಿಂಗಳುಗಟ್ಟಲೆ ನಿಂತರೆ ಮೇಲಿನ ಭಾಗದ ಎಣ್ಣೆಯೆಲ್ಲ ಮೆಲ್ಲನೆ ಪ್ಯಾನಿಗೆ ಇಳಿದು ಮಟ್ಟ ಏರುತ್ತದೆ, ಎಂದೂ ಎಣ್ಣೆ ಮುಟ್ಟದ ಸಂದಿಗಳಿಂದಲೂ ಜಿನುಗುತ್ತದೆ. ಓಡುವ ಕಾರಿಗಿಂತ ನಿಂತ ಕಾರೇ ಹೆಚ್ಚು ಸೋರುವುದುಂಟು!

ದುರಸ್ತಿಯ ಕ್ರಮ

ಹಾಗಾದರೆ ಏನು ಮಾಡಬೇಕು? ಮೊದಲು ಗೇರ್‌ಬಾಕ್ಸಿನ ಹೊರಮೈಯನ್ನು ಚೆನ್ನಾಗಿ ತೊಳೆದು ಒರೆಸಬೇಕು. ಕೆಳಗೆ ಬಿಳಿ ಕಾಗದ ಹಾಸಿ ಒಂದು ರಾತ್ರಿ ಬಿಡಬೇಕು. ಹನಿ ಬಿದ್ದ ಜಾಗವೇ ಮೂಲ ಎಂದು ನಂಬಬಾರದು. ಎಣ್ಣೆ ಲೋಹದ ಮೇಲೆ ಹರಿದು ಬೇರೆಡೆ ತೊಟ್ಟಿಕ್ಕುತ್ತದೆ, ಗಾಳಿ ಅದನ್ನು ಹಿಂದಕ್ಕೂ ಒಯ್ಯುತ್ತದೆ. ಒದ್ದೆಯಾದ ಅತಿ ಎತ್ತರದ, ಅತಿ ಮುಂದಿನ ಜಾಗವನ್ನು ಹುಡುಕಬೇಕು.

ಪ್ಯಾನಿನ ಅಂಚಿನಲ್ಲಿದ್ದರೆ ಪ್ಯಾಕಿಂಗ್ ಬದಲಿಸಿದರೆ ಸಾಕು. ಆದರೆ ಪ್ಯಾನಿನ ಅಂಚು ಬಾಗಿದ್ದರೆ ಮೊದಲು ಅದನ್ನು ಸಮ ಮಾಡಬೇಕು. ಬೋಲ್ಟುಗಳನ್ನು ಅತಿಯಾಗಿ ಬಿಗಿದರೆ ಬೂಚು ಪುಡಿಯಾಗಿ ಸೋರಿಕೆ ಹೆಚ್ಚುತ್ತದೆ. ಹಿಂದಿನ ಸೀಲಿಗೆ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಬೇಕು. ಮುಂದಿನ ಸೀಲಿಗಾದರೆ ಗೇರ್‌ಬಾಕ್ಸನ್ನೇ ಇಳಿಸಬೇಕಾಗುತ್ತದೆ. ಹೊಸ ಸೀಲಿನ ತುಟಿಗೆ ಎಣ್ಣೆ ಸವರದೆ ಕೂರಿಸಬಾರದು. ಜ್ಯಾಕ್ ಒಂದನ್ನೇ ನಂಬಿ ಕಾರಿನ ಕೆಳಗೆ ಹೋಗಬಾರದು, ಗಟ್ಟಿ ಸ್ಟ್ಯಾಂಡ್ ಇಡಲೇಬೇಕು. ಎಣ್ಣೆಯ ಮಟ್ಟವನ್ನು ಆ ಕಾರಿನ ಕೈಪಿಡಿ ಹೇಳಿದ ರೀತಿಯಲ್ಲೇ ನೋಡಬೇಕು.

ಹನಿಯೊಂದು ಹೊತ್ತಿದಾಗ

ಸಣ್ಣ ಹನಿಯನ್ನು ಕಡೆಗಣಿಸಿದರೆ ಏನಾಗುತ್ತದೆ? ಹೈಡ್ರಾಮ್ಯಾಟಿಕ್ ತಯಾರಾಗುತ್ತಿದ್ದ ಮಿಷಿಗನ್ ರಾಜ್ಯದ ಲಿವೋನಿಯಾ ಕಾರ್ಖಾನೆಯೇ ಇದಕ್ಕೆ ಸಾಕ್ಷಿ. 1953ರ ಆಗಸ್ಟ್ 12ರಂದು ಅಲ್ಲಿ ಗ್ಯಾಸ್ ಟಾರ್ಚಿನಿಂದ ಕೆಲಸ ನಡೆಯುತ್ತಿದ್ದಾಗ ಕಿಡಿಯೊಂದು ಹಾರಿ, ತೊಟ್ಟಿಕ್ಕುವ ದ್ರವ ಹಿಡಿಯಲು ಇಟ್ಟಿದ್ದ ತಟ್ಟೆಗೆ ತಾಗಿತು. ಬೆಂಕಿಯನ್ನು ತಡೆಯುವ ಗೋಡೆಗಳು ಒಳಗೆ ಇರಲಿಲ್ಲ. ಛಾವಣಿಯ ಡಾಂಬರು ಕರಗಿ ಸುರಿಯಿತು. ಕಾರ್ಖಾನೆ ನಾಶವಾಯಿತು, ಕಾರ್ಮಿಕರು ಪ್ರಾಣ ಕಳೆದುಕೊಂಡರು. ತಯಾರಿಕೆ ವಿಲ್ಲೋ ರನ್ ಎಂಬಲ್ಲಿಗೆ, ಯುದ್ಧಕಾಲದಲ್ಲಿ ಬಾಂಬರ್ ವಿಮಾನ ಕಟ್ಟುತ್ತಿದ್ದ ಕಟ್ಟಡಕ್ಕೆ, ಹೋಯಿತು. ಕಾರ್ಖಾನೆಗಳ ಕಟ್ಟಡಗಳಲ್ಲಿ ಬೆಂಕಿಯ ಸುರಕ್ಷತೆ ಹೇಗಿರಬೇಕೆಂದು ಜಗತ್ತು ಆ ದುರಂತದಿಂದ ಕಲಿತುಕೊಂಡಿತು.

ತಿಮಿಂಗಿಲದ ಋಣ

ಇನ್ನೊಂದು ಸಂಗತಿ ಕೇಳಿದರೆ ನಿಮಗೆ ಆಶ್ಚರ್ಯವಾಗಬಹುದು. ಆ ಕಾಲದ ಗೇರ್‌ಬಾಕ್ಸ್ ಎಣ್ಣೆಯಲ್ಲಿ ಸ್ಪರ್ಮ್ ತಿಮಿಂಗಿಲದ ಎಣ್ಣೆಯೂ ಸೇರಿರುತ್ತಿತ್ತು. ಗೇರು ಜರ್ಕ್ ಇಲ್ಲದೆ ಬೀಳಲು ಅದು ನೆರವಾಗುತ್ತಿತ್ತು. ನಮ್ಮ ಸುಖ ಪ್ರಯಾಣಕ್ಕೆ ಕಡಲಿನ ಒಂದು ಮೂಕ ಜೀವಿ ಬೆಲೆ ತೆರುತ್ತಿತ್ತು! 1970ರಲ್ಲಿ ಅಮೆರಿಕ ಈ ತಿಮಿಂಗಿಲವನ್ನು ಅಳಿವಿನಂಚಿನ ಜೀವಿಗಳ ಪಟ್ಟಿಗೆ ಸೇರಿಸಿತು. ಅದರ ಎಣ್ಣೆಯ ಆಮದು ನಿಂತಿತು. ವಿಜ್ಞಾನಿಗಳು ಬದಲಿ ಹುಡುಕಿದರು. ಮೊದಮೊದಲ ಮಿಶ್ರಣ ಎಣ್ಣೆ ತಣಿಸುವ ಕೂಲರಿನ ಬೆಸುಗೆಯನ್ನೇ ತಿಂದಿತು, ಅದನ್ನು ಮತ್ತೆ ತಿದ್ದಿದರು. ಕೊನೆಗೆ ತಿಮಿಂಗಿಲವಿಲ್ಲದೆಯೂ ಕಾರುಗಳು ಓಡಿದವು. ಅನಿವಾರ್ಯ ಎಂದು ನಾವು ಹೇಳುವ ಎಷ್ಟೋ ಸಂಗತಿಗಳು ನಿಜಕ್ಕೂ ಅನಿವಾರ್ಯವಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಬೇಕೆ?

ಓದುಗರೇ, ಇಳಿಸಿದ ಹಳೆಯ ಎಣ್ಣೆಯನ್ನು ಚರಂಡಿಗೆ ಸುರಿಯಬೇಡಿ. ಅದು ಬಾವಿಯ ನೀರಿಗೂ ಸೇರೀತು. ಡಬ್ಬಿಯಲ್ಲಿ ತುಂಬಿಸಿ, ಬಳಸಿದ ಎಣ್ಣೆ ಕೊಳ್ಳುವವರಿಗೆ ಕೊಡಿ. ನಿಮ್ಮ ಊರಿನ ಗ್ಯಾರೇಜಿನಲ್ಲಿ ಕಾರಿನ ಕೆಳಗೆ ಮಲಗಿ, ಬೆರಳಿನಿಂದ ಹನಿ ಮುಟ್ಟಿ, ಮೂಸಿ ನೋಡಿ ರೋಗ ಹೇಳುವ ಮೇಸ್ತ್ರಿ ಇದ್ದರೆ ಒಂದು ದಿನ ನಿಮ್ಮ ಮಗನನ್ನೋ ಮಗಳನ್ನೋ ಅವರ ಬಳಿಗೆ ಕರೆದೊಯ್ಯಿರಿ. ಪಠ್ಯಪುಸ್ತಕದಲ್ಲಿ ಇಲ್ಲದ ಇತಿಹಾಸ ಅವರ ಕೈಯಲ್ಲಿದೆ. ಅದನ್ನು ಕೇಳಿ ಬರೆದಿಡುವವರು ಬೇಕಾಗಿದ್ದಾರೆ.