ಶೂನ್ಯಸಂಪಾದನೆ

12ನೆಯ ಶತಮಾನದ ಶಿವಶರಣರ ವಚನಗಳನ್ನು ಸಂವಾದವಾಗಿ ಹೆಣೆದ ವೀರಶೈವ ಸಂಕಲನ. ಕಥಾನಾಯಕ ಅಲ್ಲಮಪ್ರಭು. ಮೊದಲು ಸಂಕಲಿಸಿದವನು 15ನೆಯ ಶತಮಾನದ ಶಿವಗಣಪ್ರಸಾದಿ ಮಹಾದೇವಯ್ಯ. ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗ, ಗೂಳೂರು ಸಿದ್ಧವೀರಣ್ಣೊಡೆಯ ಅನಂತರ ಪರಿಷ್ಕರಿಸಿದರು. ಶರಣರ ಕಾಲಕ್ಕೂ ಇದಕ್ಕೂ ಎರಡು ಶತಮಾನ ಮೀರಿದ ಅಂತರವಿರುವುದರಿಂದ ಇಲ್ಲಿನ ವಾದಗಳನ್ನು ನಡೆದ ಮಾತುಕತೆಯ ವರದಿಯೆಂದು ಓದಬಾರದು.

ಚರ್ಚೆಗಳ ಕೇಂದ್ರವಾದ ಕಲ್ಯಾಣವೆಂದರೆ ಬೀದರ್ ಜಿಲ್ಲೆಯ ಬಸವಕಲ್ಯಾಣ. ಠಾಣೆ ಜಿಲ್ಲೆಯ ಕಲ್ಯಾಣವಲ್ಲ.

ಶೂನ್ಯ, ಅಂದರೆ ಬಯಲು, ಎಂದರೇನೆಂಬುದನ್ನು ಗ್ರಂಥ ವಿವರಿಸುವುದಕ್ಕಿಂತ ನಡೆಸಿ ತೋರಿಸುತ್ತದೆ. ಯೋಗಸಾಧನೆಯಿಂದ ದೇಹವನ್ನು ವಜ್ರದಂತೆ ಗಟ್ಟಿಮಾಡಿಕೊಂಡ ಗೋರಕ್ಷ ತನ್ನನ್ನು ಹೊಡೆಯಲು ಅಲ್ಲಮನ ಕೈಗೆ ಖಡ್ಗ ಕೊಡುತ್ತಾನೆ. ಏಟು ಬಿದ್ದಾಗ ಖಣಿಲ್ ಎಂಬ ಸದ್ದು, ಕೂದಲೂ ಕೊಂಕುವುದಿಲ್ಲ. ಅದೇ ಖಡ್ಗವನ್ನು ಗೋರಕ್ಷ ಬೀಸಿದಾಗ ಅದು ಅಲ್ಲಮನ ಮೈಯೊಳಗೆ ಗಾಳಿಯಲ್ಲಿ ಹಾದಂತೆ ಹಾದುಹೋಗುತ್ತದೆ, ತಡೆಯುವುದಕ್ಕೆ ಅಲ್ಲಿ ಏನೂ ಇಲ್ಲ. ಸಾವನ್ನು ಗೆದ್ದವನಿಗೆ ಕಾಯಬೇಕಾದ ದೇಹ ಇನ್ನೂ ಉಳಿದಿದೆಯಲ್ಲ ಎಂಬುದೇ ಅಲ್ಲಮನ ತಕರಾರು.

ಸೊನ್ನಲಿಗೆಯ (ಇಂದಿನ ಸೊಲ್ಲಾಪುರ) ಸಿದ್ಧರಾಮನ ಪ್ರಸಂಗದಲ್ಲಿ ಪ್ರಶ್ನೆ ಉದ್ದೇಶದ್ದು. ಕೆರೆ ಕಟ್ಟುವುದು, ಗುಡಿ ಎಬ್ಬಿಸುವುದು, ಇವುಗಳಿಂದ ತನ್ನನ್ನು ತಾನು ಅರಿತಂತಾಯಿತೆ? ಅಲ್ಲಮ ಅವನನ್ನು ಮಣ್ಣು ಅಗೆಯುವ ಒಡ್ಡನೆಂದು ಕರೆದಾಗ ಕೆಲಸದವರು ಕಲ್ಲು ಎಸೆಯುತ್ತಾರೆ. ವಾದದಲ್ಲಿ ಸಿದ್ಧರಾಮ ಸೋತು ಅಲ್ಲಮನೊಡನೆ ಕಲ್ಯಾಣಕ್ಕೆ ಹೊರಡುತ್ತಾನೆ. ಆದರೆ ಅವನ ಹೆಸರಿನ ಕೆರೆ, ನಡುವೆ ಸಿದ್ಧೇಶ್ವರ ಗುಡಿಯೊಡನೆ, ಇಂದಿಗೂ ಸೊಲ್ಲಾಪುರದಲ್ಲಿದೆ. ಸಂಕ್ರಾಂತಿಯ ಜಾತ್ರೆಗೆ ಕನ್ನಡಿಗರೂ ಮರಾಠಿಗರೂ ಅಲ್ಲಿ ಸೇರುತ್ತಾರೆ. ಸೋತ ಪಕ್ಷಕ್ಕೂ ಹೇಳಲು ಮಾತಿದೆ ಎಂದಾಯಿತು.

ಎಲ್ಲಕ್ಕಿಂತ ತೀಕ್ಷ್ಣವಾದದ್ದು ಮುಕ್ತಾಯಕ್ಕನ ಸಂವಾದ. ಅವಳ ಅಣ್ಣ ಅಜಗಣ್ಣ ಭಕ್ತಿಯನ್ನು ಯಾರಿಗೂ ತೋರಗೊಡದೆ ಬದುಕಿ ಸತ್ತವನು. ಅಣ್ಣನಿಗಾಗಿ ಅಳುತ್ತಿದ್ದವಳಿಗೆ ಅಲ್ಲಮ ಸಮಾಧಾನ ಹೇಳಹೋದರೆ, ಅವಳು ಅವನ ಮಾತನ್ನೇ ಪ್ರಶ್ನಿಸುತ್ತಾಳೆ: ಅರಿತವನು ಮೌನಿಯಾಗಿರಬೇಕಲ್ಲ, ನಿನಗೆ ಇಷ್ಟು ನುಡಿ ಏಕೆ? ಅಲ್ಲಮನ ಉತ್ತರಗಳು ಇಲ್ಲಿ ಉದ್ದವಾಗುತ್ತವೆ. ಉಳಿದೆಡೆ ಎದುರಾಳಿಯನ್ನು ಬೇಗ ಮಣಿಸುವವನು ಇಲ್ಲಿ ಮತ್ತೆ ಮತ್ತೆ ಹೊಸದಾಗಿ ಆರಂಭಿಸಬೇಕಾಗುತ್ತದೆ.

ಈ ಗ್ರಂಥದ ಶೂನ್ಯವನ್ನು ಬೌದ್ಧ ನಾಗಾರ್ಜುನನ ಶೂನ್ಯತೆಯೊಡನೆ ಹೋಲಿಸುವುದು ರೂಢಿ. ಅಲ್ಲಿ ಯಾವುದಕ್ಕೂ ಸ್ವತಂತ್ರ ಸ್ವಭಾವವಿಲ್ಲವೆಂಬ ತರ್ಕ; ಇಲ್ಲಿ ಶೂನ್ಯವೇ ಪರಶಿವ, ಭಕ್ತ ಬೆರೆಯುವ ನೆಲೆ.

ಗೂಳೂರು ಸಿದ್ಧವೀರಣ್ಣೊಡೆಯನ ಪರಿಷ್ಕರಣವನ್ನು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ 1965ರಿಂದ 1972ರ ನಡುವೆ ಐದು ಸಂಪುಟಗಳಲ್ಲಿ ಇಂಗ್ಲಿಷ್ ಅನುವಾದದೊಂದಿಗೆ ಪ್ರಕಟಿಸಿತು.