ದುಡಿಮೆ ಇಲ್ಲದವನ ಜೀವನಾಂಶ: ಅಮೆರಿಕದ ಐವತ್ತು ವರ್ಷಗಳ ಪ್ರಯೋಗ ಮತ್ತು ಪಾಠ

ಪ್ರಸ್ತಾವನೆ

ಜೀವನಾಂಶ ಮಗುವಿನ ಹಕ್ಕು. ಅದರಲ್ಲಿ ಎರಡು ಮಾತಿಲ್ಲ. ತಂದೆ ತಾಯಿ ದೂರವಾದರೂ ಮಗುವಿನ ಊಟ, ಬಟ್ಟೆ, ಶಾಲೆಯ ಖರ್ಚು ದೂರವಾಗುವುದಿಲ್ಲ. ಆದ್ದರಿಂದಲೇ ಮಗುವಿನ ಜೊತೆ ವಾಸವಿಲ್ಲದ ಪೋಷಕ, ಬಹುಮಟ್ಟಿಗೆ ತಂದೆ, ತಿಂಗಳು ತಿಂಗಳು ಇಷ್ಟು ಹಣ ಕಟ್ಟಬೇಕೆಂದು ನ್ಯಾಯಾಲಯಗಳು ಆದೇಶಿಸುತ್ತವೆ. ಕೊಡುವ ಶಕ್ತಿಯಿದ್ದೂ ಕೊಡದವನಿಂದ ವಸೂಲಿ ಮಾಡುವ ದಾರಿ ಕಾನೂನಿಗೆ ಗೊತ್ತಿದೆ. ಕೊಡಬೇಕಾದವನ ಕೈಯಲ್ಲಿ ದುಡಿಮೆಯೇ ಇಲ್ಲದಿದ್ದರೆ ಏನು ಮಾಡಬೇಕು ಎಂಬುದು ಅದಕ್ಕೆ ಬಹುಕಾಲ ಹೊಳೆಯಲಿಲ್ಲ.

ಈ ಪ್ರಶ್ನೆಯ ಗಾತ್ರವನ್ನು ಒಂದು ಅಂಕಿ ತೋರಿಸುತ್ತದೆ. 2007ರಲ್ಲಿ ಅಮೆರಿಕದ ಅರ್ಬನ್ ಇನ್‌ಸ್ಟಿಟ್ಯೂಟ್ ಸಂಸ್ಥೆಯ ಎಲೇನ್ ಸೊರೆನ್ಸೆನ್ ಮತ್ತು ಸಂಗಡಿಗರು ಒಂಬತ್ತು ರಾಜ್ಯಗಳ ಜೀವನಾಂಶ ಬಾಕಿಯನ್ನು ಬಿಡಿಸಿ ನೋಡಿದರು. ಒಟ್ಟು ಬಾಕಿಯ ಶೇ. 70ರಷ್ಟು, ವರ್ಷಕ್ಕೆ 10,000 ಡಾಲರ್ ಅಥವಾ ಅದಕ್ಕೂ ಕಡಿಮೆ ಆದಾಯ ದಾಖಲಾಗಿದ್ದವರ ತಲೆಯ ಮೇಲಿತ್ತು. ಕಾಗದದ ಮೇಲೆ ಬೆಳೆದಿದ್ದ ಸಾಲದ ಗುಡ್ಡದ ಬಹುಪಾಲು, ಎಂದೂ ತೀರಿಸಲಾಗದವರ ಹೆಸರಿನಲ್ಲಿತ್ತು ಎಂದರ್ಥ. ಅಂಥ ಪೋಷಕರಿಗೆ ಕೆಲಸ ದೊರಕಿಸಿ, ಆ ದುಡಿಮೆಯಿಂದ ಜೀವನಾಂಶ ಕಟ್ಟುವಂತೆ ಮಾಡುವ ಯೋಚನೆ ಅಮೆರಿಕದಲ್ಲಿ ಹೇಗೆ ಹುಟ್ಟಿತು, ಎಲ್ಲಿ ಫಲಿಸಿತು, ಎಲ್ಲಿ ಸೋತಿತು ಎಂಬುದನ್ನು ಈ ಲೇಖನ ಪರಿಶೀಲಿಸುತ್ತದೆ.

ಬಡವರ ಕಾನೂನಿನಿಂದ 1975ರ ಕಾಯ್ದೆಗೆ

ಮಕ್ಕಳನ್ನು ಸಾಕುವುದು ಮೊದಲು ಹೆತ್ತವರ ಹೊಣೆ, ಆಮೇಲೆ ಊರಿನ ಹೊಣೆ ಎಂಬ ತತ್ವ ಇಂಗ್ಲೆಂಡಿನ 1601ರ ಬಡವರ ಕಾನೂನಿನಲ್ಲೇ ಇದೆ. ವಲಸೆ ಹೋದವರು ಅದನ್ನು ಅಮೆರಿಕದ ನೆಲಕ್ಕೂ ಒಯ್ದರು. 1935ರ ಸಾಮಾಜಿಕ ಭದ್ರತಾ ಕಾಯ್ದೆ ಆಧಾರವಿಲ್ಲದ ಮಕ್ಕಳಿಗೆ ಸರ್ಕಾರಿ ನೆರವು ಕೊಟ್ಟಾಗ ಶಾಸನ ಮಾಡಿದವರ ಕಣ್ಣ ಮುಂದೆ ಇದ್ದದ್ದು ಮುಖ್ಯವಾಗಿ ವಿಧವೆಯರ ಮಕ್ಕಳು. ವರ್ಷಗಳು ಕಳೆದಂತೆ ನೆರವು ಪಡೆಯುವ ಮಕ್ಕಳಲ್ಲಿ ಹೆಚ್ಚಿನವರ ತಂದೆ ಬದುಕಿದ್ದ, ಮನೆಯಲ್ಲಿ ಮಾತ್ರ ಇರಲಿಲ್ಲ. 1950ರ ತಿದ್ದುಪಡಿಯ ಪ್ರಕಾರ, ತೊರೆದು ಹೋದ ಪೋಷಕನ ಮಗುವಿಗೆ ನೆರವು ಕೊಟ್ಟಾಗ ಕಲ್ಯಾಣ ಇಲಾಖೆ ಅದನ್ನು ಕಾನೂನು ಜಾರಿ ಅಧಿಕಾರಿಗಳಿಗೆ ತಿಳಿಸಬೇಕಾಯಿತು. ಮನೆ ಬಿಟ್ಟ ತಂದೆಯ ವಿಷಯ ಹೀಗೆ ಪೊಲೀಸರ ಮೇಜಿಗೆ ಬಂತು.

1975ರ ಜನವರಿ 4ರಂದು ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಸಹಿ ಹಾಕಿದ ಕಾಯ್ದೆಯಿಂದ ಜೀವನಾಂಶ ವಸೂಲಿ ಒಂದು ರಾಷ್ಟ್ರೀಯ ವ್ಯವಸ್ಥೆಯಾಯಿತು. ಅದರ ಹಿಂದಿನ ಶಕ್ತಿ ಲೂಯಿಸಿಯಾನದ ಸೆನೆಟರ್ ರಸೆಲ್ ಲಾಂಗ್. ಕೇಂದ್ರ ಸರ್ಕಾರ ಸಂಸಾರದ ವ್ಯಾಜ್ಯಗಳಿಗೆ ಕೈಹಾಕುವುದರ ಬಗ್ಗೆ ಫೋರ್ಡ್ ಅಳುಕಿನಿಂದಲೇ ಸಹಿ ಮಾಡಿದರು. ಈ ವ್ಯವಸ್ಥೆಯ ಮೊದಲ ಗುರಿ ಖಜಾನೆಯನ್ನು ಉಳಿಸುವುದಾಗಿತ್ತು. ನೆರವು ಪಡೆಯುವ ತಾಯಿ ತನ್ನ ಜೀವನಾಂಶದ ಹಕ್ಕನ್ನು ಸರ್ಕಾರಕ್ಕೆ ಬರೆದುಕೊಡಬೇಕಿತ್ತು. ತಂದೆ ಕಟ್ಟಿದ ಹಣವನ್ನು ಸರ್ಕಾರ ತಾನು ಕೊಟ್ಟ ನೆರವಿಗೆ ಮುರಿದುಕೊಳ್ಳುತ್ತಿತ್ತು. 1984ರಲ್ಲಿ ತಿಂಗಳಿಗೆ ಮೊದಲ 50 ಡಾಲರ್ ತಾಯಿಗೆ ಸಲ್ಲಬೇಕೆಂಬ ನಿಯಮ ಬಂತು, 1996ರಲ್ಲಿ ಆ ಕಡ್ಡಾಯವೂ ಹೋಯಿತು. ತಾನು ಕಟ್ಟಿದ್ದು ಮಗುವಿನ ಹಾಲಿಗೆ ಹೋಗುತ್ತಿಲ್ಲವೆಂದು ಬಡ ತಂದೆಗೆ ತಿಳಿದಿತ್ತು. ಮುಂದಿನ ಎಷ್ಟೋ ಅಪನಂಬಿಕೆಯ ಬೇರು ಇಲ್ಲಿದೆ.

ವಸೂಲಿಯ ಬಿಗಿ: 1984ರಿಂದ 1996

ಮುಂದಿನ ಹನ್ನೆರಡು ವರ್ಷ ಕಾನೂನು ಒಂದೇ ದಿಕ್ಕಿನಲ್ಲಿ ಬಿಗಿಯಾಯಿತು. 1984ರಲ್ಲಿ ಬಾಕಿದಾರರ ಸಂಬಳದಿಂದ ನೇರ ಕಡಿತ ಬಂತು. 1986ರಲ್ಲಿ ಸೆನೆಟರ್ ಬಿಲ್ ಬ್ರಾಡ್ಲಿ ಹೆಸರಿನ ತಿದ್ದುಪಡಿ ಬಂತು. ಅದರ ಪ್ರಕಾರ ಪ್ರತಿ ಕಂತೂ ಗಡುವು ದಾಟಿದ ಕ್ಷಣವೇ ಡಿಕ್ರಿಗೆ ಸಮ. ಹಿಂದಿನ ತಾರೀಖಿನಿಂದ ಅದನ್ನು ಇಳಿಸುವ ಅಧಿಕಾರ ನ್ಯಾಯಾಧೀಶರಿಗೂ ಇಲ್ಲ. 1988ರ ಕುಟುಂಬ ಬೆಂಬಲ ಕಾಯ್ದೆ ಜೀವನಾಂಶದ ಮೊತ್ತಕ್ಕೆ ನಿಗದಿತ ಸೂತ್ರಗಳನ್ನು ಕಡ್ಡಾಯ ಮಾಡಿತು. 1996ರ ಕಲ್ಯಾಣ ಸುಧಾರಣೆ ಹೊಸದಾಗಿ ಕೆಲಸಕ್ಕೆ ಸೇರಿದವರೆಲ್ಲರ ರಾಷ್ಟ್ರೀಯ ಪಟ್ಟಿ, ಚಾಲನಾ ಪರವಾನಗಿಯ ಅಮಾನತು, ಪಾಸ್‌ಪೋರ್ಟ್ ನಿರಾಕರಣೆಗಳನ್ನು ತಂದಿತು. ಪಾಸ್‌ಪೋರ್ಟ್ ತಡೆಗೆ ಮೊದಲಿದ್ದ 5,000 ಡಾಲರ್ ಬಾಕಿಯ ಮಿತಿ ಮುಂದೆ 2,500ಕ್ಕೆ ಇಳಿಯಿತು.

ಸಂಬಳದ ಚೀಟಿ ಇರುವವರ ಮೇಲೆ ಈ ಕ್ರಮಗಳು ನಿಜಕ್ಕೂ ಫಲ ಕೊಟ್ಟವು. ಲಕ್ಷಾಂತರ ಮಕ್ಕಳಿಗೆ ಹಣ ತಲುಪಿತು. ಚೀಟಿ ಇಲ್ಲದವನ ಗತಿಯೇ ಬೇರೆ. ತಿಂಗಳಿಗೆ 300 ಡಾಲರ್ ಆದೇಶವಿದ್ದ ಒಬ್ಬ ಎರಡು ವರ್ಷ ಜೈಲಿನಲ್ಲಿದ್ದನೆಂದು ಇಟ್ಟುಕೊಳ್ಳೋಣ. ಮೊತ್ತ ಇಳಿಸಿ ಎಂದು ಅವನು ಆಗಲೇ ಅರ್ಜಿ ಹಾಕಿರದಿದ್ದರೆ, ಹೊರಬಂದ ದಿನ 7,200 ಡಾಲರ್ ಸಾಲ ಬಾಗಿಲಲ್ಲಿ ಕಾದಿರುತ್ತದೆ. ಕೆಲಸ ಸಿಕ್ಕರೆ, ಬೇರೆ ಸಂಸಾರವಿಲ್ಲದ ಹಳೆಯ ಬಾಕಿದಾರನ ಕೈಗೆ ಬರುವ ಸಂಬಳದಲ್ಲಿ ಶೇ. 65ರವರೆಗೂ ಕಡಿತ ಮಾಡಲು ಕೇಂದ್ರದ ಕಾನೂನು ಅವಕಾಶ ಕೊಡುತ್ತದೆ. ಉಳಿದದ್ದರಲ್ಲಿ ಬಾಡಿಗೆ ಕಟ್ಟಲಾಗದವನು ಚೀಟಿಯಿಲ್ಲದ ದಿನಗೂಲಿಗೆ ಇಳಿದುಬಿಡುತ್ತಾನೆ. ಲಾರಿ ಓಡಿಸುವವನ ಪರವಾನಗಿ ಕಿತ್ತುಕೊಂಡರೆ ಅವನ ಜೊತೆ ಮಗುವಿನ ಅನ್ನವನ್ನೂ ಕಿತ್ತುಕೊಂಡ ಹಾಗೆ.

ಕೊಡದವನು, ಕೊಡಲಾರದವನು

ಆ ಕಾಲದ ಅಮೆರಿಕದ ರಾಜಕೀಯದಲ್ಲಿ ಜೀವನಾಂಶ ಕಟ್ಟದ ತಂದೆಗೆ 'ಡೆಡ್‌ಬೀಟ್ ಡ್ಯಾಡ್' ಎಂಬ ಬೈಗುಳ ರೂಢಿಯಲ್ಲಿತ್ತು. ಅದಕ್ಕೆ ಎದುರಾಗಿ 'ಡೆಡ್ ಬ್ರೋಕ್', ಅಂದರೆ ಪೂರಾ ಬರಿಗೈಯವನು, ಎಂಬ ಇನ್ನೊಂದು ಮಾತು ಹುಟ್ಟಿತು. ಸಂಶೋಧಕ ರೊನಾಲ್ಡ್ ಮಿನ್ಸಿ ಮತ್ತು ಸೊರೆನ್ಸೆನ್ 1998ರ ತಮ್ಮ ಲೇಖನದಲ್ಲಿ ಈ ಇಬ್ಬರನ್ನೂ ಬೇರೆಬೇರೆಯಾಗಿ ಎಣಿಸಬೇಕೆಂದು ವಾದಿಸಿದರು. ಗೊಡ್ಡೆಮ್ಮೆಯ ಕೆಚ್ಚಲು ಎಷ್ಟು ಹಿಂಡಿದರೂ ಹಾಲು ಬಾರದು ಎಂಬ ರೈತನ ತಿಳಿವಳಿಕೆಯನ್ನೇ ಅವರು ಅಂಕಿಗಳಲ್ಲಿ ಹೇಳಿದರು.

ಇದಕ್ಕೆ ಮೂವತ್ತು ವರ್ಷ ಮೊದಲೇ, 1967ರಲ್ಲಿ, ಮಾನವಶಾಸ್ತ್ರಜ್ಞ ಎಲಿಯಟ್ ಲೀಬೋ 'ಟ್ಯಾಲೀಸ್ ಕಾರ್ನರ್' ಕೃತಿಯಲ್ಲಿ ವಾಷಿಂಗ್ಟನ್ ನಗರದ ಬೀದಿಮೂಲೆಯ ಕಪ್ಪು ಗಂಡಸರ ಬದುಕನ್ನು ಚಿತ್ರಿಸಿದ್ದರು. ದುಡಿದು ಸಾಕಲಾಗದ ಗಂಡಸು ಹೆಂಡತಿ ಮಕ್ಕಳ ಮುಖ ನೋಡಲಾಗದೆ ಬೀದಿಮೂಲೆಯ ಗೆಳೆಯರಲ್ಲಿ ಆಸರೆ ಹುಡುಕುತ್ತಾನೆ ಎಂಬುದು ಅವರ ಕಾಣ್ಕೆ. ಕೆಲಸದ ಸೋಲು ತಂದೆತನದ ಸೋಲಾಗುವ ಈ ಬಗೆಯನ್ನು ನೀತಿ ರೂಪಿಸುವವರು ಗಮನಿಸಲು ತಡವಾಯಿತು.

ಪೇರೆಂಟ್ಸ್ ಫೇರ್ ಶೇರ್

1988ರ ಕಾಯ್ದೆಯೊಳಗೆ ಒಂದು ಸಣ್ಣ ಕಿಟಕಿಯೂ ಇತ್ತು. ಕೆಲಸವಿಲ್ಲದ ತಂದೆಯರಿಗೆ ಉದ್ಯೋಗ ಸೇವೆ ಕೊಟ್ಟು ನೋಡಲು ಕೆಲವು ರಾಜ್ಯಗಳಿಗೆ ಅದು ಅನುಮತಿಸಿತು. ಇದರಿಂದ ಹುಟ್ಟಿದ್ದೇ 'ಪೇರೆಂಟ್ಸ್ ಫೇರ್ ಶೇರ್'. 1994ರಿಂದ 1996ರವರೆಗೆ ಡೇಟನ್, ಗ್ರ್ಯಾಂಡ್ ರ‍್ಯಾಪಿಡ್ಸ್, ಜಾಕ್ಸನ್‌ವಿಲ್, ಲಾಸ್ ಏಂಜಲೀಸ್, ಮೆಂಫಿಸ್, ಸ್ಪ್ರಿಂಗ್‌ಫೀಲ್ಡ್, ಟ್ರೆಂಟನ್ ಎಂಬ ಏಳು ಊರುಗಳಲ್ಲಿ 5,000ಕ್ಕೂ ಹೆಚ್ಚು ತಂದೆಯರು ಅಧ್ಯಯನಕ್ಕೆ ಸೇರಿದರು. ಎಂಡಿಆರ್‌ಸಿ ಸಂಶೋಧನಾ ಸಂಸ್ಥೆ ಚೀಟಿ ಎತ್ತಿದಂತೆ ಅವರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಮಾತ್ರ ಸೇವೆ ಕೊಟ್ಟು ಹೋಲಿಸಿತು.

ಕಾರ್ಯಕ್ರಮಕ್ಕೆ ನಾಲ್ಕು ಕಾಲುಗಳು: ಕೆಲಸ ಮತ್ತು ತರಬೇತಿ, ತಂದೆಯರ ಪರಸ್ಪರ ಬೆಂಬಲದ ಕೂಟ, ತಾಯಿಯೊಂದಿಗಿನ ಜಗಳಕ್ಕೆ ಮಧ್ಯಸ್ಥಿಕೆ, ಸೇವೆ ಪಡೆಯುವ ಅವಧಿಗೆ ಜೀವನಾಂಶದ ಮೊತ್ತದಲ್ಲಿ ಇಳಿಕೆ. ಇವುಗಳಲ್ಲಿ ತಂದೆಯರ ಮನಸ್ಸಿಗೆ ಹಿಡಿಸಿದ್ದು ಕೂಟ. ಮಕ್ಕಳ ಬಗ್ಗೆ, ಸೋಲಿನ ಬಗ್ಗೆ ಬೇರೆಲ್ಲೂ ಬಾಯಿ ಬಿಡದ ಗಂಡಸರು ಅಲ್ಲಿ ಸುತ್ತ ಕೂತು ಮಾತಾಡಿದರು. ಉದ್ಯೋಗದ ಕಾಲು ಕುಂಟಿತು. ಕೆಲಸ ಮಾಡುತ್ತಲೇ ಕಲಿಯುವ ತರಬೇತಿ ಯೋಜಿಸಿದಷ್ಟು ಸಿಗದೆ, ಕೆಲಸ ಹುಡುಕುವ ಕ್ರಮ ಹೇಳಿಕೊಡುವುದೇ ಮುಖ್ಯವಾಯಿತು.

ಫಲಿತಾಂಶ ಮಿಶ್ರವಾಗಿತ್ತು. ಜೀವನಾಂಶ ಕಟ್ಟುವವರ ಪ್ರಮಾಣ ಏರಿತು. ಒಟ್ಟಾರೆ ಉದ್ಯೋಗ, ಗಳಿಕೆಗಳು ಹೇಳಿಕೊಳ್ಳುವಷ್ಟು ಏರಲಿಲ್ಲ. ಹೈಸ್ಕೂಲು ಮುಗಿಸದ, ಅನುಭವವಿಲ್ಲದ, ಎಲ್ಲರಿಗಿಂತ ಹಿಂದುಳಿದ ತಂದೆಯರ ಗಳಿಕೆ ಮಾತ್ರ ಹೆಚ್ಚಿತು. ಇನ್ನೊಂದು ಸಂಗತಿಯೂ ಬೆಳಕಿಗೆ ಬಂತು. ಕೆಲಸವಿಲ್ಲವೆಂದು ನಂಬಲಾಗಿದ್ದ ಕೆಲವರು, ವಿಚಾರಣೆಗೆ ಕರೆದಾಗ, ದಾಖಲೆಗೆ ಬಾರದ ಕೆಲಸದಲ್ಲಿದ್ದದ್ದು ಗೊತ್ತಾಯಿತು. ನೆರವಿನ ಬಾಗಿಲು ತೆರೆದದ್ದರಿಂದಲೇ ಕೊಡದವನು ಯಾರು, ಕೊಡಲಾರದವನು ಯಾರು ಎಂಬುದು ಬೇರ್ಪಟ್ಟಿತು. ಈ ಪ್ರಯೋಗದ ಅತಿ ಮುಖ್ಯ ಪಾಠ ಇದೇ ಎಂದು ನನ್ನ ತಿಳಿವಳಿಕೆ.

ಟೆಕ್ಸಾಸ್‌ನ ಕೋರ್ಟ್ ಹಾಲಿನಲ್ಲಿ

2005ರಲ್ಲಿ ಟೆಕ್ಸಾಸ್ ರಾಜ್ಯದ ಅಟಾರ್ನಿ ಜನರಲ್ ಕಚೇರಿ ಮತ್ತು ಉದ್ಯೋಗ ಆಯೋಗ ಸೇರಿ 'ಎನ್‌ಸಿಪಿ ಚಾಯ್ಸಸ್' ಎಂಬ ಉದ್ಯೋಗ ಕಾರ್ಯಕ್ರಮ ಆರಂಭಿಸಿದವು. ಅದರ ವಿಧಾನವನ್ನು ಹತ್ತಿರದಿಂದ ನೋಡಬೇಕು. ಬಾಕಿದಾರ ತಂದೆ ನ್ಯಾಯಾಧೀಶರ ಮುಂದೆ ನಿಲ್ಲುತ್ತಾನೆ. ಜೈಲು ಶಿಕ್ಷೆ ತಲೆಯ ಮೇಲೆ ತೂಗುತ್ತಿದೆ. ನ್ಯಾಯಾಧೀಶರು ಉದ್ಯೋಗ ಕಾರ್ಯಕ್ರಮಕ್ಕೆ ಸೇರಬೇಕೆಂದು ಆದೇಶಿಸುತ್ತಾರೆ. ವಿಳಾಸದ ಚೀಟಿ ಹಿಡಿದು ಮತ್ತೊಂದು ದಿನ ಮತ್ತೊಂದು ಕಚೇರಿ ಹುಡುಕುವ ಪಾಡಿಲ್ಲ. ಉದ್ಯೋಗ ಕಚೇರಿಯ ಸಿಬ್ಬಂದಿ ಅದೇ ನ್ಯಾಯಾಲಯದಲ್ಲಿ ಹಾಜರಿದ್ದಾರೆ. ಹೊರಗೆ ಹೋಗುವ ಮೊದಲೇ ಹೆಸರು ದಾಖಲಾಗುತ್ತದೆ. ಕೆಲಸ ಸಿಗುವವರೆಗೆ ಮತ್ತೆ ಮತ್ತೆ ಭೇಟಿ. ಸಿಕ್ಕ ಮೇಲೂ ಆರು ತಿಂಗಳು ಅದನ್ನು ಉಳಿಸಿಕೊಳ್ಳುವವರೆಗೆ ಬೆನ್ನಿಗೆ ನಿಲ್ಲುವುದು. ತಪ್ಪಿಸಿಕೊಂಡರೆ ಸುದ್ದಿ ಮತ್ತೆ ನ್ಯಾಯಾಧೀಶರಿಗೆ.

ಟೆಕ್ಸಾಸ್ ವಿಶ್ವವಿದ್ಯಾಲಯದ ರೇ ಮಾರ್ಷಲ್ ಕೇಂದ್ರ 2009ರಲ್ಲಿ ಇದರ ಮೌಲ್ಯಮಾಪನ ಪ್ರಕಟಿಸಿತು. ಅಂಥದೇ ಸ್ಥಿತಿಯ ಇತರರಿಗೆ ಹೋಲಿಸಿದರೆ ಇವರು ಜೀವನಾಂಶ ಕಟ್ಟಿದ ಪ್ರಮಾಣ ಶೇ. 47ರಷ್ಟು, ಉದ್ಯೋಗದಲ್ಲಿದ್ದ ಪ್ರಮಾಣ ಶೇ. 21ರಷ್ಟು ಹೆಚ್ಚು, ತಿಂಗಳಿಗೆ ಸರಾಸರಿ 57 ಡಾಲರ್ ಹೆಚ್ಚು ಕಟ್ಟಿದರು. ಇದು ಚೀಟಿ ಎತ್ತಿ ಗುಂಪು ಮಾಡಿದ ಪ್ರಯೋಗವಲ್ಲ, ಸರಿಜೋಡಿ ಹುಡುಕಿ ಮಾಡಿದ ಹೋಲಿಕೆ ಎಂಬುದನ್ನು ನೆನಪಿಟ್ಟೇ ಈ ಅಂಕಿಗಳನ್ನು ತೂಗಬೇಕು.

2011ರಿಂದ 2024: ನ್ಯಾಯ, ನಿಯಮ, ಮರುಪರೀಕ್ಷೆ

2011ರಲ್ಲಿ ಟರ್ನರ್ ವಿರುದ್ಧ ರೋಜರ್ಸ್ ಪ್ರಕರಣ ಅಮೆರಿಕದ ಸುಪ್ರೀಂ ಕೋರ್ಟಿಗೆ ಬಂತು. ದಕ್ಷಿಣ ಕೆರೊಲಿನಾದ ತಂದೆಯೊಬ್ಬರಿಗೆ ವಕೀಲರ ನೆರವಿಲ್ಲದೆ, ಕೊಡುವ ಶಕ್ತಿಯಿದೆಯೇ ಎಂದು ವಿಚಾರಿಸದೆ, 12 ತಿಂಗಳ ಜೈಲು ವಿಧಿಸಲಾಗಿತ್ತು. ಇಂಥ ಎಲ್ಲ ಪ್ರಕರಣಗಳಲ್ಲೂ ಸರ್ಕಾರ ವಕೀಲರನ್ನು ಕೊಡಲೇಬೇಕೆಂದು ಕೋರ್ಟು ಹೇಳಲಿಲ್ಲ. ಆದರೆ ಕಟ್ಟುವ ಶಕ್ತಿಯ ಪ್ರಶ್ನೆಯೇ ನಿರ್ಣಾಯಕ, ಅದನ್ನು ಸರಿಯಾಗಿ ವಿಚಾರಿಸದೆ ಜೈಲಿಗೆ ಕಳಿಸುವಂತಿಲ್ಲ ಎಂದಿತು. 2016ರ ಡಿಸೆಂಬರಿನ ಕೇಂದ್ರ ನಿಯಮಾವಳಿ, ಜೈಲುವಾಸವನ್ನು ಬೇಕೆಂದೇ ಕೆಲಸ ಬಿಟ್ಟದ್ದಕ್ಕೆ ಸಮ ಎಂದು ಎಣಿಸುವುದನ್ನು ತಡೆಯಿತು. ಅದರ ಕರಡಿನಲ್ಲಿದ್ದ ಉದ್ಯೋಗ ಸೇವೆಯ ಅನುದಾನ ಮಾತ್ರ ಅಂತಿಮ ರೂಪದಲ್ಲಿ ಉಳಿಯಲಿಲ್ಲ.

ಇದೇ ಹೊತ್ತಿಗೆ ಎಂಟು ರಾಜ್ಯಗಳಲ್ಲಿ ಇಂಥ ಉದ್ಯೋಗ ನೆರವಿನ 'ಸಿಸ್ಪೆಡ್' ಎಂಬ ದೊಡ್ಡ ಪರೀಕ್ಷೆ ನಡೆಯಿತು. 2013ರಿಂದ 2016ರವರೆಗೆ 10,000ಕ್ಕೂ ಹೆಚ್ಚು ಪೋಷಕರು ಸೇರಿದರು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಬಡತನ ಅಧ್ಯಯನ ಸಂಸ್ಥೆ 2019ರಲ್ಲಿ ಫಲಿತಾಂಶ ಪ್ರಕಟಿಸಿತು. ಮೊತ್ತ ಆದಾಯಕ್ಕೆ ಹೊಂದುವಂತೆ ಇಳಿದದ್ದರಿಂದ ಪಾವತಿಯೂ ಸ್ವಲ್ಪ ಇಳಿಯಿತು. ಉದ್ಯೋಗದಲ್ಲಿ ಗಮನಾರ್ಹ ಏರಿಕೆ ಕಾಣಲಿಲ್ಲ. ಜೀವನಾಂಶ ಕಚೇರಿಯ ಬಗ್ಗೆ ತಂದೆಯರ ನಂಬಿಕೆ ಮತ್ತು ಮಗು ತನ್ನ ಹೊಣೆ ಎಂಬ ಭಾವ ಹೆಚ್ಚಿದವು. ಸ್ವಂತ ಇಚ್ಛೆಯಿಂದ ಸೇರುವ, ಮೃದುವಾದ ಈ ಕ್ರಮವನ್ನು ಟೆಕ್ಸಾಸ್‌ನ ಕಟ್ಟುನಿಟ್ಟಿನ ಪಕ್ಕದಲ್ಲಿಟ್ಟು ನೋಡಿದರೆ, ನೆರವು ಮತ್ತು ಒತ್ತಾಯ ಜೊತೆಯಾಗಿರುವುದು ಹೆಚ್ಚು ಫಲಕಾರಿ ಎಂದು ತೋರುತ್ತದೆ. ಎರಡು ಅಧ್ಯಯನಗಳ ವಿಧಾನ ಬೇರೆಯಾದ್ದರಿಂದ ಇದನ್ನು ಅಂತಿಮ ತೀರ್ಪೆನ್ನಲಾಗದು.

2024ರ ಡಿಸೆಂಬರಿನಲ್ಲಿ ಪ್ರಕಟವಾದ ಕೇಂದ್ರ ನಿಯಮ, ರಾಜ್ಯಗಳು ಈ ಪೋಷಕರಿಗೆ ಕೊಡುವ ಉದ್ಯೋಗ ಮತ್ತು ತರಬೇತಿ ಸೇವೆಯ ವೆಚ್ಚದಲ್ಲಿ ಶೇ. 66ರಷ್ಟನ್ನು ಜೀವನಾಂಶ ಕಾರ್ಯಕ್ರಮದಿಂದಲೇ ಭರಿಸಲು ಅವಕಾಶ ಕೊಟ್ಟಿತು. ವಸೂಲಿ ಕಾಯ್ದೆ ಬಂದು ಅಷ್ಟರಲ್ಲಿ ಐವತ್ತು ವರ್ಷ ತುಂಬುತ್ತಿತ್ತು.

ನಮ್ಮ ಕಾನೂನಿನ ಕನ್ನಡಿಯಲ್ಲಿ

ಕರ್ನಾಟಕದ ಕೌಟುಂಬಿಕ ನ್ಯಾಯಾಲಯಗಳಲ್ಲಿ ಜೀವನಾಂಶಕ್ಕಾಗಿ ದಿನವೂ ಕೇಳಿಬರುವ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಂ, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಆಗಿದೆ. ಬಾಕಿಯಾದ ಪ್ರತಿ ತಿಂಗಳ ಮೊತ್ತಕ್ಕೆ ಒಂದು ತಿಂಗಳವರೆಗೆ ಜೈಲು ವಿಧಿಸಬಹುದು. ಜೈಲಿಗೆ ಹೋದ ಮಾತ್ರಕ್ಕೆ ಬಾಕಿ ತೀರುವುದಿಲ್ಲವೆಂದು ಕುಲದೀಪ್ ಕೌರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 2020ರ ರಜನೇಶ್ ವಿರುದ್ಧ ನೇಹಾ ತೀರ್ಪು ಕಕ್ಷಿದಾರರಿಬ್ಬರೂ ಆಸ್ತಿ, ಆದಾಯದ ಪ್ರಮಾಣಪತ್ರ ಸಲ್ಲಿಸುವುದನ್ನು ಕಡ್ಡಾಯ ಮಾಡಿತು. ಮೈಯಲ್ಲಿ ಶಕ್ತಿಯಿರುವ ಗಂಡ ಕೂಲಿ ಮಾಡಿಯಾದರೂ ಹೆಂಡತಿ ಮಕ್ಕಳನ್ನು ಸಾಕಬೇಕೆಂದು 2022ರ ಅಂಜು ಗರ್ಗ್ ತೀರ್ಪು ಹೇಳಿತು. ಇವೆಲ್ಲ ಬೇಕಾದ ಮಾತುಗಳೇ. ಆದರೆ ದುಡಿ ಎನ್ನುವ ಕಾನೂನು, ದುಡಿಮೆ ಎಲ್ಲಿದೆ ಎಂದು ತೋರಿಸುವುದಿಲ್ಲ. ಗಾರೆ ಕೆಲಸದವನಿಗೆ, ಹಮಾಲನಿಗೆ ಸಂಬಳದ ಚೀಟಿ ಇಲ್ಲ. ಕಡಿತ ಮಾಡಲು ಮಾಲೀಕನೂ ಇಲ್ಲ.

ಉಪಸಂಹಾರ

ಅಮೆರಿಕದ ಅನುಭವದಿಂದ ಮೂರು ಮಾತು ನಿಲ್ಲುತ್ತವೆ. ಆದೇಶದ ಮೊತ್ತ ನಿಜವಾದ ಗಳಿಕೆಗೆ ಹೊಂದಬೇಕು. ಉದ್ಯೋಗದ ನೆರವು ನ್ಯಾಯಾಲಯದ ಅಂಗಳದಲ್ಲೇ ಸಿಗಬೇಕು. ಆ ನೆರವು ಪಡೆದವನು ಕಟ್ಟಲೇಬೇಕು. ಇದು ತಂದೆಗೆ ತೋರುವ ಕನಿಕರವಲ್ಲ, ಮಗುವಿನ ಹಕ್ಕಿಗೆ ಹಾಕುವ ತಳಪಾಯ. ಒಂಟಿಯಾಗಿ ಮಗು ಸಾಕುವ ತಾಯಿಗೂ ಅಂಥದೇ ನೆರವು ಸಿಗಬೇಕೆಂಬುದನ್ನು ಬೇರೆ ಹೇಳಬೇಕಿಲ್ಲ.

ನಮ್ಮಲ್ಲಿ ಇದಕ್ಕೆ ಹೊಸ ಕಾಯ್ದೆಗಾಗಿ ಕಾಯುವ ಅಗತ್ಯವಿಲ್ಲ. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 5 ಮತ್ತು 6ನೇ ಕಲಂಗಳು ಸಮಾಜ ಕಲ್ಯಾಣ ಸಂಸ್ಥೆಗಳನ್ನೂ ಸಮಾಲೋಚಕರನ್ನೂ ಜೊತೆಗೂಡಿಸಿಕೊಳ್ಳಲು ಆಗಲೇ ದಾರಿ ಬಿಟ್ಟಿವೆ. ಸಮಾಲೋಚಕರ ಕೋಣೆಯ ಪಕ್ಕದಲ್ಲಿ ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಯ ಒಂದು ಮೇಜನ್ನೂ ಹಾಕಬೇಕೆಂದು ನ್ಯಾಯಾಂಗ ಮತ್ತು ಸರ್ಕಾರ ಎರಡನ್ನೂ ಕೇಳಿಕೊಳ್ಳುತ್ತೇನೆ.